ಬೀರೂರು, ಬಿಯರ್ ಮತ್ತು ಒಂದು ಹೋತ: 'ಬೊಕ್' ಪದದ ಪಾಠ



ಕಡೂರು ಕಡೆಯಿಂದ ಹಾಸ್ಟೆಲಿಗೆ ಬಂದವರಿಗೆಲ್ಲ ಮೊದಲ ಸೆಮಿಸ್ಟರಿನಲ್ಲೇ ಒಂದು ಜೋಕು ಕಾದಿರುತ್ತೆ. "ಯಾವೂರು ಗುರು?" "ಬೀರೂರು ಹತ್ರ." "ಓಹೋ, ಬಿಯರ್ ಊರಾ! ನಲ್ಲಿ ತಿರುಗಿಸಿದ್ರೆ ಅದೇ ಬರುತ್ತಾ?" ನಾಲ್ಕು ವರ್ಷದಲ್ಲಿ ಈ ಜೋಕನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. 'ಬೀರ' ಅನ್ನೋದು 'ವೀರ'ದ ತದ್ಭವ, ನಮ್ಮ ಕಡೆ ಬೀರಪ್ಪ, ಬೀರೇಶ, ಬೀರಲಿಂಗ ಅನ್ನೋ ಹೆಸರು ಮನೆಗೊಂದು ಸಿಗುತ್ತೆ, ಬಿಯರ್ ಅನ್ನೋ ಪದ ಈ ಕಡೆ ಬರೋಕೆ ಮುಂಚೆಯೇ ಈ 'ಬೀರ' ಇದ್ದ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೆ ಕೇಳುವ ಕಿವಿಗೆ 'ಬೀರ್' ಅಂತ ಒಮ್ಮೆ ಬಿದ್ದ ಮೇಲೆ ಯಾವ ವ್ಯಾಕರಣವೂ ಅದನ್ನು ತೆಗೆಯಲಾರದು.

ಈ ವರ್ಷ ಜರ್ಮನ್ ಕ್ಲಾಸಿಗೆ ಸೇರಿದ ಮೇಲೆ ಒಂದು ಸಮಾಧಾನ ಸಿಕ್ಕಿತು. ಇದೇ ಥರದ ಜೋಕನ್ನು ಜರ್ಮನ್ನರು ತಮ್ಮದೇ ಒಂದು ಬಿಯರಿನ ಹೆಸರಿನ ಮೇಲೆ ಮಾಡಿಕೊಂಡಿದ್ದಾರೆ. ಅವರಲ್ಲಿ ಆ ಜೋಕು ಜೋಕಾಗಿ ಉಳಿಯಲಿಲ್ಲ, ಬಾಟಲಿಯ ಲೇಬಲ್ ಮೇಲೆ ಹೋತದ ಚಿತ್ರವಾಗಿ ಕೂತುಬಿಟ್ಟಿತು. ಆ ಪದವೇ 'ಬೊಕ್'. ಜರ್ಮನಿಗೆ ಎಂ.ಎಸ್. ಅಂತಲೋ, ಕೆಲಸಕ್ಕೆ ಅಂತಲೋ ಹೊರಟಿರುವ ನಮ್ಮ ಕಾಲೇಜಿನವರಿಗೆ ಉಪಯೋಗಕ್ಕೆ ಬರಲಿ ಅಂತ ಈ ಪಾಠ ಬರೆಯುತ್ತಿದ್ದೇನೆ. ಕುಡಿಯೋಕೆ ಹೇಳಿಕೊಡುವ ಪಾಠ ಅಲ್ಲ. ಈ ಒಂದು ಪದ ಸರಿಯಾಗಿ ಗೊತ್ತಿಲ್ಲದೆ ನಮ್ಮಣ್ಣ ಒಮ್ಮೆ ಲಾರಿಯ ಅಡಿಯಲ್ಲಿ ಮಲಗಿದ್ದ. ಆ ಕಥೆ ಮುಂದೆ ಬರುತ್ತೆ.

1. ಊರು ಹೋತವಾದ ಕಥೆ

ಮೊದಲು ಉಚ್ಚಾರಣೆ. 'ಬೊಕ್', ಒಕಾರ ಹ್ರಸ್ವ, ಕೊನೆಗೆ ಗಟ್ಟಿ ಕಕಾರ. 'ಬಾಖ್' ಅಂತ ಎಳೆದರೆ ಅದು ಸಂಗೀತಗಾರನ ಹೆಸರಾಗುತ್ತೆ, ಇಲ್ಲವೇ ಹಳ್ಳ ಅನ್ನೋ ಅರ್ಥ ಬರುತ್ತೆ. ಜರ್ಮನ್ ಭಾಷೆಯಲ್ಲಿ ಬೊಕ್ ಅಂದರೆ ಗಂಡು ಮೇಕೆ, ನಮ್ಮ ಹೋತ.

ಹಾಗಾದರೆ ಸ್ಟ್ರಾಂಗ್ ಬಿಯರಿಗೆ ಹೋತದ ಹೆಸರು ಯಾಕೆ? ಹೋತ ಗುಮ್ಮಿದ ಹಾಗೆ ತಲೆಗೆ ಹೊಡೆಯುತ್ತೆ ಅಂತಲಾ? ಹಾಗಂತ ಹೇಳುವವರು ಅಲ್ಲೂ ಇದ್ದಾರೆ. ಕಥೆ ಚೆನ್ನಾಗಿದೆ, ನಿಜವಲ್ಲ.

ಉತ್ತರ ಜರ್ಮನಿಯಲ್ಲಿ ಐನ್‌ಬೆಕ್ ಅಂತ ಒಂದು ಸಣ್ಣ ಊರಿದೆ. 14ನೇ ಶತಮಾನದ ಹೊತ್ತಿಗೇ ಅಲ್ಲಿನ ಬಿಯರ್ ದೂರದೂರಿಗೆ ಹೋಗುತ್ತಿತ್ತು. ವಾರಗಟ್ಟಲೆ ಗಾಡಿಯ ಮೇಲೆ ಹೋಗುವ ಬಿಯರ್ ಕೆಡಬಾರದು, ಅದಕ್ಕೆ ಧಾನ್ಯ ಜಾಸ್ತಿ ಹಾಕಿ ಗಟ್ಟಿಯಾಗಿ ಮಾಡುತ್ತಿದ್ದರು. ದಕ್ಷಿಣದ ಬವೇರಿಯಾದ ದೊರೆಗಳಿಗೂ ಈ ಬಿಯರಿನ ರುಚಿ ಹತ್ತಿತ್ತು. ತರಿಸಿಕೊಳ್ಳೋದಕ್ಕೆ ದುಡ್ಡು ಸುರಿಯುವ ಬದಲು ಇಲ್ಲೇ ಮಾಡಿಸೋಣ ಅಂತ 17ನೇ ಶತಮಾನದ ಶುರುವಿನಲ್ಲಿ ಐನ್‌ಬೆಕ್‌ನಿಂದ ಎಲಿಯಾಸ್ ಪಿಶ್ಲರ್ ಎಂಬ ಕಸುಬುದಾರನನ್ನು ಮ್ಯೂನಿಕ್‌ಗೆ ಕರೆಸಿಕೊಂಡರು. ಅಲ್ಲಿನ ಅರಮನೆಯ ಬಿಯರ್ ಮನೆ, ಅಂದರೆ ಹೋಫ್‌ಬ್ರೌಹೌಸ್, 1589ರಲ್ಲೇ ಶುರುವಾಗಿತ್ತು.

ಈಗ ಕಿವಿಯ ಕೆಲಸ ನೋಡಿ. ಐನ್‌ಬೆಕ್‌ನ ಬಿಯರ್ ಅನ್ನೋದು ಬವೇರಿಯಾದವರ ಬಾಯಲ್ಲಿ 'ಐನ್‌ಪ್ಯೋಕಿಷ್' ಆಯಿತು. ಬಾಯಿಂದ ಬಾಯಿಗೆ ಹೋಗುತ್ತಾ 'ಐನ್ ಬೊಕ್' ಆಯಿತು. ಜರ್ಮನ್‌ನಲ್ಲಿ 'ಐನ್' ಅಂದರೆ ಒಂದು. ಅಂದರೆ ಊರಿನ ಹೆಸರು ಎರಡು ತುಂಡಾಗಿ 'ಒಂದು ಹೋತ' ಅನ್ನೋ ಅರ್ಥ ತಾನಾಗಿ ಹುಟ್ಟಿತು. 'ಒಂದು' ಕಳಚಿಬಿತ್ತು, 'ಹೋತ' ಉಳಿಯಿತು. ಆಮೇಲೆ ಲೇಬಲ್ ಬರೆಯುವವನು ಕೊಂಬು ಗಡ್ಡ ಎಲ್ಲ ಬರೆದ. ಅಲ್ಲಿಗೆ ಊರು ಮರೆತುಹೋಯಿತು.

ನಗಬೇಡಿ, ನಾವೂ ಇದನ್ನೇ ಮಾಡಿದ್ದೇವೆ. 'ಬೆಂದ ಕಾಳೂರು ಬೆಂಗಳೂರಾಯಿತು' ಅನ್ನೋ ಅಜ್ಜಿ ಮತ್ತು ದೊರೆಯ ಕಥೆ ನಮಗೆಲ್ಲ ಪ್ರೈಮರಿಯಲ್ಲೇ ಗೊತ್ತು. ಆ ಕಥೆಯಲ್ಲಿ ಬರುವ ಬಲ್ಲಾಳ ಹೊಯ್ಸಳರ ಕಾಲದವನು. ಆದರೆ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ, 'ಬೆಂಗಳೂರು' ಅನ್ನೋ ಹೆಸರು ಕೆತ್ತಿದೆ. ಹೆಸರು ಮೊದಲು, ಕಥೆ ಆಮೇಲೆ.

ಇನ್ನೂ ಹತ್ತಿರದ ಉದಾಹರಣೆ ಅಜ್ಜಂಪುರದ್ದು. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಅಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಹೊಸಬರು ಹೆಸರು ಕೇಳಿದ ಕೂಡಲೇ "ಅಮೃತ ಅಂದ್ರೆ ಹಾಲು, ಬಕೆಟ್ ತುಂಬಾ ಕರೆಯುತ್ತೇನೋ" ಅಂದುಕೊಳ್ಳುತ್ತಾರೆ. ಅಮೃತಮಹಲ್ ಹಸು ಕೊಡೋದು ಕರುವಿಗೆ ಸಾಕಾಗುವಷ್ಟು ಹಾಲು. ಆ ತಳಿಯ ಹೆಸರುವಾಸಿ ಇರೋದು ಎತ್ತುಗಳಿಂದ: ಓಟ, ದಮ್ಮು, ಭಾರ ಎಳೆಯುವ ಶಕ್ತಿ. ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ಸಾಮಾನು, ತೋಪು ಎಳೆದ ಎತ್ತುಗಳವು. ಹೆಸರು ಬಂದದ್ದು ದನಗಳಿಂದಲ್ಲ, ಕಚೇರಿಯಿಂದ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಅನ್ನೋ ಇಲಾಖೆಗೆ ಟಿಪ್ಪು 'ಅಮೃತಮಹಲ್' ಅಂತ ಹೆಸರು ಬದಲಿಸಿದ. ಇಲಾಖೆಯ ಹೆಸರು ಅದು ಸಾಕುತ್ತಿದ್ದ ದನಗಳಿಗೆ ಅಂಟಿಕೊಂಡಿತು. ಐನ್‌ಬೆಕ್‌ನ ಹೆಸರು ಬಿಯರಿಗೆ ಅಂಟಿದ ಹಾಗೆಯೇ. ಹೆಸರು ನೋಡಿ ಗುಣ ಹೇಳೋಕೆ ಹೋದರೆ ಎರಡು ಕಡೆಯೂ ಮೋಸ ಹೋಗ್ತೀವಿ.

2. 'ಸ್ಟ್ರಾಂಗ್' ಅಂದರೆ ಎಷ್ಟು?

ಬೊಕ್‌ಗೆ ಜರ್ಮನ್‌ನಲ್ಲಿ ಇನ್ನೊಂದು ಹೆಸರು 'ಶ್ಟಾರ್ಕ್‌ಬಿಯರ್'. ಶ್ಟಾರ್ಕ್ ಅಂದರೆ ಬಲವಾದ, ಗಟ್ಟಿ. ಇದನ್ನು 'ಸ್ಟ್ರಾಂಗ್ ಬಿಯರ್' ಅಂತ ಅನುವಾದ ಮಾಡಿ ಮುಂದೆ ಹೋಗಬಹುದು, ಆದರೆ ಅಳತೆ ಬೇರೆ.

ನಮ್ಮ ದೇಶದಲ್ಲಿ 'ಸ್ಟ್ರಾಂಗ್' ಅನ್ನೋದು ಬಾಟಲಿಯೊಳಗೆ ಈಗ ಇರುವ ಆಲ್ಕೋಹಾಲಿನ ಲೆಕ್ಕ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಶೇ. 5ರವರೆಗೆ ಇದ್ದರೆ ರೆಗ್ಯುಲರ್, 5ರಿಂದ 8ರವರೆಗೆ ಸ್ಟ್ರಾಂಗ್. ಜರ್ಮನಿಯಲ್ಲಿ ಲೆಕ್ಕ ಶುರುವಾಗೋದು ಆಲ್ಕೋಹಾಲ್ ಹುಟ್ಟೋಕೆ ಮುಂಚೆ.

ಹೇಗೆ ಅಂತ ನಮ್ಮ ಅಡುಗೆಮನೆಯಿಂದ ನೋಡೋಣ. ಕಡೂರು ಕಡೆ ರಾಗಿ ಗೊತ್ತಿಲ್ಲದವರಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದರೆ ರಾಗಿ ಮಾಲ್ಟ್. ಸುಮ್ಮನೆ ಬೀಸಿದ ರಾಗಿಹಿಟ್ಟಿಗಿಂತ ಇದು ಒಂಚೂರು ಸಿಹಿ, ಯಾಕಂದರೆ ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಬಿಯರಿನಲ್ಲೂ ಇದೇ ಕೆಲಸ, ರಾಗಿಯ ಬದಲು ಬಾರ್ಲಿ. ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದಾಗ ಬರುವ ಸಿಹಿನೀರನ್ನು ಆಮೇಲೆ ಹುದುಗಿಸುತ್ತಾರೆ. ಹುದುಗುವ ಮೊದಲು ಆ ಸಿಹಿನೀರಿನಲ್ಲಿ ಕರಗಿರುವ ಸಾರ ತೂಕದ ಲೆಕ್ಕದಲ್ಲಿ ನೂರಕ್ಕೆ ಎಷ್ಟಿದೆಯೋ ಅದಕ್ಕೆ 'ಶ್ಟಾಮ್‌ವ್ಯುರ್ಟ್ಸೆ' ಅಂತ ಹೆಸರು. 'ಮೂಲ ಸಾರ' ಅನ್ನಬಹುದು. ಇದನ್ನು ಅಳೆಯುವ ಪ್ಲಾಟೊ ಡಿಗ್ರಿಗೆ ಗ್ರೀಕ್ ತತ್ತ್ವಜ್ಞಾನಿಯ ಸಂಬಂಧ ಇಲ್ಲ. ಅದು ಫ್ರಿಟ್ಸ್ ಪ್ಲಾಟೊ ಎಂಬ ಜರ್ಮನ್ ವಿಜ್ಞಾನಿಯ ಹೆಸರು. ನೋಡಿ, ಇಲ್ಲೂ ಕಿವಿ ಮೋಸ ಮಾಡುತ್ತೆ!

ಕಾಫಿಗೆ ಹೋಲಿಸಿದರೆ ಇನ್ನೂ ಸುಲಭ. ಫಿಲ್ಟರಿನಿಂದ ಇಳಿದ ಡಿಕಾಕ್ಷನ್ ಎಷ್ಟು ಗಟ್ಟಿ ಅಂತ ಹಾಲು ಹಾಕೋಕೆ ಮುಂಚೆ ನೋಡ್ತೀವಲ್ಲ, ಹಾಗೆ.

ಜರ್ಮನಿಯ ಮಾಮೂಲಿ ಬಿಯರಿನ ಮೂಲ ಸಾರ ಶೇ. 11–12ರ ಸುಮಾರು. ಕನಿಷ್ಠ 16 ಇದ್ದರೆ ಮಾತ್ರ ಬೊಕ್ ಅಥವಾ ಶ್ಟಾರ್ಕ್‌ಬಿಯರ್ ಅಂತ ಬರೆಯಬಹುದು. ಕನಿಷ್ಠ 18 ಇದ್ದರೆ 'ಡೊಪ್ಪೆಲ್‌ಬೊಕ್'. ಡೊಪ್ಪೆಲ್ ಅಂದರೆ ಡಬಲ್, ಆದರೆ 16ರ ಡಬಲ್ 32 ಅಂತ ಲೆಕ್ಕ ಹಾಕಬೇಡಿ. ನಮ್ಮಲ್ಲಿ 'ಡಬಲ್ ಸ್ಟ್ರಾಂಗ್ ಟೀ' ಅಂದರೆ ಎರಡು ಪಟ್ಟು ಪುಡಿ ಹಾಕ್ತಾರಾ? ಹಾಗೇ ಇದು.

ಈಗ ಒಂದು ಸಣ್ಣ ಲೆಕ್ಕ, ಮೊದಲ ವರ್ಷದ ಕೆಮಿಸ್ಟ್ರಿ ಸಾಕು. 180 ಗ್ರಾಂ ಗ್ಲೂಕೋಸ್ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ ಹುದುಗಿದ ಸಕ್ಕರೆಯ ಸುಮಾರು ಅರ್ಧ ತೂಕ ಆಲ್ಕೋಹಾಲ್ ಆಗುತ್ತೆ. ಮೂಲ ಸಾರವೆಲ್ಲ ಹುದುಗುವುದಿಲ್ಲ, ಸುಮಾರು ಮೂರರಲ್ಲಿ ಎರಡು ಪಾಲು ಅಂತ ಇಟ್ಟುಕೊಳ್ಳಿ. ಹಾಗಾಗಿ 16ಕ್ಕೆ ತೂಕದಲ್ಲಿ ಐದೂಕಾಲರ ಆಸುಪಾಸು. ಆಲ್ಕೋಹಾಲ್ ನೀರಿಗಿಂತ ಹಗುರ (ಸಾಂದ್ರತೆ 0.789), ಆದ್ದರಿಂದ ಅಳತೆಯಲ್ಲಿ ಶೇ. 6.5–7 ಆಗುತ್ತೆ. ಬೊಕ್ ಬಾಟಲಿಗಳ ಮೇಲೆ ಕಾಣುವ ಅಂಕಿಯೂ ಹೆಚ್ಚುಕಡಿಮೆ ಇದೇ.

ಉಳಿದ ಮೂರನೇ ಒಂದು ಪಾಲು ಹುದುಗದೆ ಬಿಯರಿನಲ್ಲೇ ನಿಲ್ಲುತ್ತೆ. ಅದಕ್ಕೇ ಬೊಕ್ ಮಂದವಾಗಿ, ಸುಟ್ಟ ರೊಟ್ಟಿಯ ಅಂಚಿನ ಹಾಗೆ, ತುಸು ಸಿಹಿಯಾಗಿ ಇರುತ್ತೆ ಅಂತ ಹೇಳ್ತಾರೆ. ಅಂದರೆ ಶ್ಟಾರ್ಕ್ ಅನ್ನೋದು ಬರೀ 'ಕಿಕ್' ಅಲ್ಲ, 'ಗಟ್ಟಿ' ಕೂಡ. ಜರ್ಮನಿಯಲ್ಲಿ ಬಿಯರ್ ತೆರಿಗೆಯೂ ಈ ಸಾರದ ಮೇಲೆಯೇ: ನೂರು ಲೀಟರಿಗೆ, ಒಂದೊಂದು ಪ್ಲಾಟೊ ಡಿಗ್ರಿಗೆ 0.787 ಯೂರೊ.

ಎಚ್ಚರಿಕೆಗೆ ಇನ್ನೊಂದು ಲೆಕ್ಕ. ಶೇ. 5ರ ಅರ್ಧ ಲೀಟರಿನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಶೇ. 7.9ರ ಡೊಪ್ಪೆಲ್‌ಬೊಕ್ ಅರ್ಧ ಲೀಟರಿನಲ್ಲಿ 31 ಗ್ರಾಂ. ಗ್ಲಾಸು ಅದೇ, ಬಣ್ಣ ಬೇರೆ, ಒಳಗಿರೋದು ಒಂದೂವರೆ ಪಟ್ಟು. "ಒಂದೇ ಗ್ಲಾಸ್ ಕುಡಿದದ್ದು" ಅನ್ನೋ ಮಾತು ಪೊಲೀಸರ ಯಂತ್ರದ ಮುಂದೆ ನಡೆಯಲ್ಲ.

3. ಬೊಕ್ ಬಳಗ

'ಮೈಬೊಕ್' ಮೇ ತಿಂಗಳ ಹೊತ್ತಿನದು, ಬಣ್ಣ ತಿಳಿ. 'ವೈಟ್ಸೆನ್‌ಬೊಕ್' ಗೋಧಿಯದು. 'ಐಸ್‌ಬೊಕ್' ಅಂದರೆ ಬಿಯರನ್ನು ಹೆಪ್ಪುಗಟ್ಟಿಸಿ, ಮಂಜುಗಡ್ಡೆಯಾದ ನೀರನ್ನು ತೆಗೆದು ಇನ್ನೂ ಗಟ್ಟಿ ಮಾಡಿದ್ದು.

ಡೊಪ್ಪೆಲ್‌ಬೊಕ್ ಹುಟ್ಟಿದ್ದು ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳ ಮಠದಲ್ಲಿ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಊಟ ಬಿಡಬೇಕು, ಕುಡಿಯುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಅವರಿಗೆ ಇದು 'ದ್ರವ ರೊಟ್ಟಿ' ಆಗಿತ್ತು ಅಂತ ಹೇಳುತ್ತಾರೆ. ಏಕಾದಶಿ ದಿನ ಅನ್ನ ಬಿಟ್ಟು ಎರಡು ತಟ್ಟೆ ಅವಲಕ್ಕಿ ತಿನ್ನೋ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆ ಬಿಯರಿನ ಹೆಸರು 'ಸಾಲ್ವಾಟೊರ್', ಲ್ಯಾಟಿನ್‌ನಲ್ಲಿ ರಕ್ಷಕ ಅಂತ. ಅದನ್ನು ನೋಡಿ ಬೇರೆಯವರೂ 'ಆಟೊರ್' ಬಾಲ ಸೇರಿಸಿ ಹೆಸರಿಟ್ಟರು. ಈಗ ಲೇಬಲ್ ಮೇಲೆ ಆ ಬಾಲ ಕಂಡರೆ ಅದು ಡೊಪ್ಪೆಲ್‌ಬೊಕ್ ಅಂತ ತಿಳಿಯಬಹುದು. ಆ ಉಪವಾಸದ ಕಾಲವನ್ನು ಮ್ಯೂನಿಕ್‌ನಲ್ಲಿ ಇಂದಿಗೂ 'ಶ್ಟಾರ್ಕ್‌ಬಿಯರ್ ಕಾಲ' ಅಂತಲೇ ಕರೆಯುತ್ತಾರೆ. ನೊಕ್ಹರ್‌ಬೆರ್ಗ್ ಎಂಬಲ್ಲಿ ಮಂತ್ರಿಗಳನ್ನು ಮುಂದೆ ಕೂರಿಸಿಕೊಂಡೇ ಅವರನ್ನು ಗೇಲಿ ಮಾಡುವ ಕಾರ್ಯಕ್ರಮ ಟಿ.ವಿ.ಯಲ್ಲಿ ಬರುತ್ತೆ.

4. ಬೀರೂರು ಜಂಕ್ಷನ್: ಒಂದೇ ಪದ, ಬೇರೆ ಬೇರೆ ಹಳಿ

ಬೀರೂರಿನಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಬೋರ್ಡು ನೋಡದೆ ಹತ್ತಿದರೆ ಇಳಿಯೋದು ಬೇರೆ ಊರಲ್ಲಿ. ಬೊಕ್ ಕೂಡ ಇಂಥ ಜಂಕ್ಷನ್ನೇ.

ಮೊದಲ ಹಳಿ, ಆಧಾರ. ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತು ಭಾರ ಹೊರುವ ಸ್ಟ್ಯಾಂಡಿಗೆಲ್ಲ ಜರ್ಮನ್ನರು ಬೊಕ್ ಅನ್ನುತ್ತಾರೆ. ಮರ ಕೊಯ್ಯುವಾಗ ಅಡಿಗಿಡುವುದು 'ಸೇಗೆಬೊಕ್'. ಬೇರಿಂಗ್ ಕೂರಿಸುವ ಪೀಠ 'ಲಾಗರ್‌ಬೊಕ್'. ಗ್ಯಾಂಟ್ರಿ ಕ್ರೇನ್ 'ಬೊಕ್‌ಕ್ರಾನ್'. ವಾಹನದ ಆಕ್ಸೆಲ್ ಅಡಿಗೆ ಕೊಡುವ ಸ್ಟ್ಯಾಂಡ್ 'ಉಂಟರ್‌ಶ್ಟೆಲ್‌ಬೊಕ್'. ಪ್ರಾಣಿಯ ಹೆಸರನ್ನು ಸಾಮಾನಿಗೆ ಇಡುವುದು ನಮಗೂ ಹೊಸದಲ್ಲ. ವೀಣೆಯ ತಂತಿ ಹೊರುವುದು ಕುದುರೆ, ಕೋವಿಯಲ್ಲಿ ಬೆರಳಿಗೆ ಸಿಗುವುದೂ ಕುದುರೆ.

ಎರಡನೇ ಹಳಿ, ಮನಸ್ಸು. 'ಕೈನೆನ್ ಬೊಕ್' ಅಂತ ಜರ್ಮನ್ ಹುಡುಗರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. 'ನಂಗೆ ಮೂಡಿಲ್ಲ ಮಗಾ' ಅಂತ ಅರ್ಥ. ಇಲ್ಲಿ ಬಿಯರೂ ಇಲ್ಲ, ಹೋತವೂ ಇಲ್ಲ. ಇದು ರೊಮಾನಿ ಭಾಷೆಯ 'ಬೊಖ್' ಅನ್ನೋ ಪದ, ಹಸಿವು ಅಂತ. ರೊಮಾನಿ ಮಾತಾಡುವವರ ಪೂರ್ವಿಕರು ಭಾರತದಿಂದ ಹೋದವರು. ಹಿಂದಿಯ 'ಭೂಖ್', ಸಂಸ್ಕೃತದ 'ಬುಭುಕ್ಷಾ' ಇದರ ನೆಂಟರು. ಜರ್ಮನ್ ಹುಡುಗ ಸೋಮಾರಿತನಕ್ಕೆ ಹೇಳುವ ಪದದೊಳಗೆ ನಮ್ಮ ಕಡೆಯ ಹಸಿವು ಕೂತಿದೆ.

ಮೂರನೇ ಹಳಿ, ನುಡಿಗಟ್ಟು. 'ಹೋತಕ್ಕೆ ಗುಂಡು ಹೊಡೆದ' ಅಂದರೆ ದೊಡ್ಡ ತಪ್ಪು ಮಾಡಿಕೊಂಡ ಅಂತ. 'ಹೋತವನ್ನು ತೋಟದ ಮಾಲಿ ಮಾಡಿದರು' ಅಂದರೆ ನಮ್ಮ 'ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ'.

5. ಎರಡು ಚುಕ್ಕಿಯ ಬೆಲೆ

ಈಗ ನಮ್ಮಣ್ಣನ ಕಥೆ. ದೊಡ್ಡಪ್ಪನ ಮಗ, ಅಜ್ಜಂಪುರದ ಹತ್ತಿರದವನು, ಡಿಪ್ಲೊಮಾ ಮುಗಿಸಿ ಜರ್ಮನಿಯ ಒಂದು ಲಾರಿ ವರ್ಕ್‌ಶಾಪಿಗೆ ಟ್ರೈನಿಂಗ್‌ಗೆ ಹೋದ. ಹೋದ ತಿಂಗಳಲ್ಲೇ ನಡೆದದ್ದು. ಲಾರಿಯನ್ನು ಜಾಕ್ ಹಾಕಿ ಎತ್ತಿದ್ದರು. ಹಿರಿಯ ಮೆಕ್ಯಾನಿಕ್ ದೂರದಿಂದ ಕೂಗಿದ: "ಎರ್ಸ್ಟ್ ಬ್ಯೋಕೆ ಡ್ರುಂಟರ್!" ಅಣ್ಣನಿಗೆ ಕೇಳಿಸಿದ್ದು ಬೊಕ್ ಮಾತ್ರ. ರೂಮಿನ ಕೆಳಗಿನ ಅಂಗಡಿಯಲ್ಲಿ ಹೋತದ ಚಿತ್ರದ ಬಾಟಲಿ ದಿನಾ ನೋಡುತ್ತಿದ್ದ. ಸಂಜೆ ಪಾರ್ಟಿ ಮಾತೇನೋ ಅಂದುಕೊಂಡು ನಕ್ಕು "ಯಾ, ಯಾ" ಅಂತ ತಲೆ ಆಡಿಸಿ ಲಾರಿ ಅಡಿಗೆ ಜಾರಿದ. ಆ ಮನುಷ್ಯ ಓಡಿಬಂದು ಕಾಲು ಹಿಡಿದು ಹೊರಗೆ ಎಳೆದ. ಬಯ್ಯಲಿಲ್ಲವಂತೆ. ಎರಡು ಕಬ್ಬಿಣದ ಸ್ಟ್ಯಾಂಡ್ ತಂದು ಆಕ್ಸೆಲ್ ಅಡಿಗೆ ಕೊಟ್ಟು, ಅವುಗಳ ಮೇಲೆ ಕೈ ತಟ್ಟಿ ತೋರಿಸಿದ: "ಬೊಕ್. ಬೊಕ್. ಬ್ಯೋಕೆ." ಅವನು ಕೂಗಿದ್ದು 'ಮೊದಲು ಸ್ಟ್ಯಾಂಡ್ ಅಡಿಗೆ' ಅಂತ.

ಆ ರಾತ್ರಿ ಅಣ್ಣ ಫೋನ್ ಮಾಡಿದ. "ಲೋ, ನಮ್ಮೂರಲ್ಲಿ ಕಲ್ಲು ಕೊಡದೆ ಟ್ರ್ಯಾಕ್ಟರ್ ಅಡಿ ಹೋಗಿದ್ರೆ ಅಪ್ಪ ಕಪಾಳಕ್ಕೆ ಬಿಡ್ತಿದ್ರು. ನಂಗೆ ಗೊತ್ತಿಲ್ದೇ ಇರೋ ವಿಷ್ಯಾನೇ ಅಲ್ಲ ಅದು. ಪದ ಗೊತ್ತಿರಲಿಲ್ಲ ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪು, ಗೊತ್ತಿಲ್ಲ ಅಂತ ಹೇಳಲಿಲ್ಲ."

ವ್ಯಾಕರಣ ಗೊತ್ತಿದ್ದರೆ ಇಲ್ಲಿ ಒಂದು ಸುಳಿವು ಇತ್ತು. ಹೋತಗಳು, ಸ್ಟ್ಯಾಂಡುಗಳು ಅನ್ನುವಾಗ ಒಕಾರದ ಮೇಲೆ ಎರಡು ಚುಕ್ಕಿ ಬಂದು 'ಬ್ಯೋಕೆ' ಆಗುತ್ತೆ. ಹೋಟೆಲಿನಲ್ಲಿ ಬಿಯರ್ ಹೇಳುವಾಗ ಚುಕ್ಕಿ ಬರಲ್ಲ, 'ಟ್ಸ್ವೈ ಬೊಕ್' ಅಂದರೆ ಸಾಕು. ನಾವೂ 'ಎರಡು ಕಾಫಿ' ಅಂತೀವಿ, 'ಎರಡು ಕಾಫಿಗಳು' ಅನ್ನಲ್ಲವಲ್ಲ. ಲಿಂಗವೂ ಬೇರೆ: ಪ್ರಾಣಿ ಮತ್ತು ಸ್ಟ್ಯಾಂಡಿಗೆ 'ಡೇರ್', ಬಿಯರಿಗೆ ಹೆಚ್ಚಾಗಿ 'ಡಾಸ್', ಕೆಲವರು 'ಡೇರ್' ಕೂಡ ಅನ್ನುತ್ತಾರೆ.

6. ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ ಯಾವ ಬೊಕ್ ಇದೆ ಹೇಳಿ.
ಅ) ಇಷ್ ಹಾಬೆ ಹೊಯ್ಟೆ ಕೈನೆನ್ ಬೊಕ್.
ಆ) ಟ್ಸ್ವೈ ಬೊಕ್, ಬಿಟ್ಟೆ.
ಇ) ಡೇರ್ ಬೊಕ್‌ಕ್ರಾನ್ ಇಸ್ಟ್ ಡೆಫೆಕ್ಟ್.
ಈ) ಎರ್ ಹಾಟ್ ಐನೆನ್ ಬೊಕ್ ಗೆಶೊಸ್ಸೆನ್.

ಉತ್ತರ: ಅ) ಇವತ್ತು ಮೂಡಿಲ್ಲ. ಆ) ಎರಡು ಬೊಕ್ ಬಿಯರ್ ಕೊಡಿ. ಇ) ಗ್ಯಾಂಟ್ರಿ ಕ್ರೇನ್ ಕೆಟ್ಟಿದೆ. ಈ) ಅವನು ದೊಡ್ಡ ಎಡವಟ್ಟು ಮಾಡಿದ. (ಬೇಟೆಗಾರನ ಬಾಯಲ್ಲಾದರೆ ನಿಜವಾಗಿಯೂ ಒಂದು ಹೋತ ಹೊಡೆದ ಅಂತಲೂ ಆಗಬಹುದು. ಯಾರು ಹೇಳಿದರು ಅಂತ ನೋಡಿ!)

ಜರ್ಮನಿಯಿಂದ ಇಲ್ಲಿಗೆ ಬಂದ ಕಿಟ್ಟೆಲ್ ವರ್ಷಗಟ್ಟಲೆ ಕೂತು ಮಾಡಿದ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಅದರಲ್ಲಿ ಪದಕ್ಕೆ ಒಂದು ಅರ್ಥ ಬರೆದು ಕೈ ತೊಳೆದುಕೊಂಡಿಲ್ಲ. ಗಾದೆ, ಬಳಕೆ ಎಲ್ಲ ಸೇರಿಸಿದ್ದಾರೆ. ಜನರನ್ನು ಕೇಳದೆ ಅದು ಆಗುವ ಕೆಲಸವಲ್ಲ. ಅಲ್ಲಿಗೆ ಹೊರಟ ನಾವು ಅಷ್ಟು ಮಾಡಬೇಕಾಗಿಲ್ಲ. ಅರ್ಥ ಆಗದಿದ್ದಾಗ 'ಯಾ, ಯಾ' ಅನ್ನದೆ 'ವೀ ಬಿಟ್ಟೆ?' ಅಂತ ಕೇಳಿದರೆ ಸಾಕು. 'ಏನಂದ್ರಿ?' ಅಂತ ಅರ್ಥ. ಎರಡೇ ಪದ. ಊರು ಬಿಡೋಕೆ ಮುಂಚೆ ಇವೆರಡನ್ನು ಬಾಯಿಪಾಠ ಮಾಡಿಕೊಳ್ಳಿ.

ಮತ್ತೆ ಬೀರೂರಿನ ಜೋಕು ಹೇಳುವವರಿಗೆ ಒಂದು ಮಾತು: ಹೇಳಿ, ಪರವಾಗಿಲ್ಲ. ಬೋರ್ಡಿನ ಮೇಲೆ ಗ್ಲಾಸಿನ ಚಿತ್ರ ಮಾತ್ರ ಬರೆಯಬೇಡಿ.